ಅಟ್ಟದ ಮೇಲಿನ ಪುಸ್ತಕ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿದಾಗ ನಾನು ಮೊದಲು ಫೋನ್ ಮಾಡಿದ್ದು ಆ ಊರಿನ ಯಜಮಾನರಿಗೆ.

ಅದರಲ್ಲಿ ತಪ್ಪೇನು ಅನ್ನಿಸಬಹುದು. ನಂಜನಗೂಡು ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ಒಂಬತ್ತು ವರ್ಷ ಮಹಿಳಾ ಸಂಘಗಳ ಖಾತೆ ನೋಡಿಕೊಂಡವಳು ನಾನು. ಹೊಳೆ ದಂಡೆಯ ಆ ಊರಿನಲ್ಲಿ ನನಗೆ ಗೊತ್ತಿದ್ದ ಮನೆಗಳೆಲ್ಲ ಸಂಘದವರ ಮನೆಗಳೇ. ಯಾರ ಜಗಲಿ ಮೇಲೆ ಸಭೆ ಸೇರುತ್ತಾರೆ, ಯಾರು ಹೆಬ್ಬೆಟ್ಟು ಬಿಟ್ಟು ಸಹಿ ಹಾಕುವುದು ಕಲಿತರು, ಯಾರ ಸೊಸೆ ಲೆಕ್ಕ ಬರೆಯುತ್ತಾಳೆ, ಎಲ್ಲ ಗೊತ್ತು. ಸಂಘವನ್ನು ಮುನ್ನಡೆಸುವ ಮೊದಲ ಪ್ರತಿನಿಧಿಯ ನಂಬರು ಫೋನಿನಲ್ಲೇ ಇತ್ತು. ಆದರೂ ಹೊಳೆ ಬಂತು ಅಂದ ಕೂಡಲೇ ಬೆರಳು ಹುಡುಕಿದ್ದು ಗಂಡಸಿನ ನಂಬರನ್ನು. ಉಳಿತಾಯ, ಸಾಲ, ಕಂತು ಅಂದರೆ ಹೆಂಗಸರು. ಊರು ಮುಳುಗಿದರೆ ಗಂಡಸರು. ಇದು ನನ್ನ ತಲೆಯಲ್ಲಿ ಯಾವಾಗ ಬಂದು ಕೂತಿತ್ತೋ ಕಾಣೆ.

ಯಜಮಾನರು, "ಏನ್ ಕಳಿಸಿದ್ರೂ ಆಯ್ತದೆ ಮೇಡಂ" ಅಂದರು. ಏನು ಕಳಿಸಿದರೂ ಆಗುತ್ತದೆ ಅನ್ನುವವರಿಗೆ ಏನು ಬೇಕು ಅಂತ ಗೊತ್ತಿರುವುದಿಲ್ಲ. ಅದು ನನಗೆ ಆಮೇಲೆ ಹೊಳೆಯಿತು.

ಕಪಿಲೆ ಅನ್ನುವ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಹಿಡಿದರೆ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಅಣೆಕಟ್ಟೆ ನೋಡನೋಡುತ್ತ ತುಂಬುತ್ತದೆ. ಅದರ ಹೊಟ್ಟೆ ಚಿಕ್ಕದು, 19.52 ಟಿಎಂಸಿ, ಕೆಆರ್‌ಎಸ್‌ನ 49.45 ಟಿಎಂಸಿಯ ಅರ್ಧವೂ ಇಲ್ಲ. ತುಂಬಿದ ಮೇಲೆ ಬಂದದ್ದನ್ನು ಬಿಡಲೇಬೇಕು. ಆ ವರ್ಷ ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿತ್ತು. ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮುಳುಗಿತು, ಸುತ್ತೂರಿನ ಸೇತುವೆ ಮುಳುಗಿತು, ನಂಜನಗೂಡಿನ ಸ್ನಾನಘಟ್ಟ ಎಲ್ಲಿತ್ತು ಅನ್ನುವುದೇ ಕಾಣುತ್ತಿರಲಿಲ್ಲ. ಮೈಸೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು ಎರಡು ದಿನದಲ್ಲಿ ಒಂದು ಟೆಂಪೋ ತುಂಬುವಷ್ಟು ಸಾಮಾನು ಸೇರಿಸಿತು. ನಮ್ಮವರ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಸುತ್ತಿಬಳಸಿ ಹೋಗಿ, ಶಾಲೆಯಲ್ಲಿ ಮಾಡಿದ್ದ ಗಂಜಿ ಕೇಂದ್ರದಲ್ಲಿ ಮೂಟೆಗಳನ್ನು ಇಳಿಸಿದೆವು. (ಸರ್ಕಾರಿ ಕಾಗದದಲ್ಲಿ ಈಗ ಅದು 'ಕಾಳಜಿ ಕೇಂದ್ರ'. ಊರವರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ.) ಮೊದಲ ಪ್ರತಿನಿಧಿ ಅಲ್ಲಿದ್ದಳು. ನಾನು ಫೋನ್ ಮಾಡಲಿಲ್ಲ ಅಂತ ಅವಳು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಮೂಟೆ ಬಿಚ್ಚಿ ಒಂದೊಂದೇ ತೆಗೆದಳು. ಜೀನ್ಸು. ಮಕ್ಕಳ ಟೈ. ಮದುವೆಗೆ ಹಾಕುವ ಜರಿ ಗಾಗ್ರಾ. ಆಮೇಲೆ ರವಿಕೆಗಳು, ಸೀರೆಯಿಲ್ಲದ ಬರೀ ರವಿಕೆಗಳು, ಎರಡು ಕೈಯಲ್ಲಿ ಹಿಡಿಯುವಷ್ಟು.

"ಮೇಡಂ, ಹೊಲಿಸ್ಕೊಂಡೋಳಿಗೆ ಬುಟ್ರೆ ಇದು ಇನ್ಯಾರಿಗಾಯ್ತದೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಒಳಲಂಗ ಒಂದೂ ಇರಲಿಲ್ಲ. ನೈಟಿ ಇರಲಿಲ್ಲ. ಪ್ಯಾಡ್ ಕೊಡಲು ಒಬ್ಬರು ಬಂದಿದ್ದರಂತೆ, ಆದರೆ ಗುಂಪಿನಲ್ಲಿ ಅದನ್ನು ಬರೆಯುವುದು ಹೇಗೆ ಅಂತ ನಾಚಿ ಬಿಸ್ಕತ್ತು ಕೊಟ್ಟು ಹೋದರಂತೆ. ಇದು ನನಗೆ ಗೊತ್ತಾದದ್ದು ವಾಪಸು ಬಂದ ಮೇಲೆ.

ಇನ್ನು ಆ ಪುಸ್ತಕದ ವಿಷಯ. ನೀರು ಹಿತ್ತಲಿಗೆ ಬಂದ ಸಂಜೆ ಮೊದಲ ಪ್ರತಿನಿಧಿ ಮಾಡಿದ ಮೊದಲ ಕೆಲಸವೆಂದರೆ ಸಂಘದ ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ, ಪಾಸ್‌ಬುಕ್ಕುಗಳನ್ನು ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದು. ರಾತ್ರಿ ನೀರು ಇನ್ನೂ ಏರುವಂತೆ ಕಂಡಾಗ ಅದನ್ನೇ ಹೊಟ್ಟೆಗೆ ಕಟ್ಟಿಕೊಂಡು ಶಾಲೆಗೆ ಬಂದಳು. ಬೆಳಗ್ಗೆ ಶಾಲೆಯ ವರಾಂಡದಲ್ಲಿ ಕೂತು ಹಾಜರಿ ಕೂಗಿದಳು, ವಾರದ ಸಭೆಯಲ್ಲಿ ಕೂಗುವ ಹಾಗೆಯೇ. ಹದಿನೇಳು ಜನರಲ್ಲಿ ಹದಿನಾಲ್ಕು ಜನ 'ಬಂದಿವ್ನಿ' ಅಂದರು. ಉಳಿದ ಮೂವರ ಮನೆಗೆ ಆಮೇಲೆ ಹುಡುಗರನ್ನು ಕಳಿಸಿದ್ದು. ಒಬ್ಬಳು ಎಮ್ಮೆ ಬಿಟ್ಟು ಬರುವುದಿಲ್ಲ ಅಂತ ಕೂತಿದ್ದಳು. ಇನ್ನೊಬ್ಬಳ ಅತ್ತೆಗೆ ನಡೆಯಲು ಆಗುತ್ತಿರಲಿಲ್ಲ. ಮೂರನೆಯವಳು ಒಮ್ಮೆ ಬಂದು, ಮೇಕೆಮರಿ ಬಿಚ್ಚಲು ಮತ್ತೆ ಒಳಗೆ ಹೋಗಿದ್ದಳು.

ಆ ಮೂರನೆಯವಳನ್ನು ನೆನೆದಾಗಲೆಲ್ಲ ನನಗೆ ಇನ್ನೊಂದು ಲೆಕ್ಕ ನೆನಪಾಗುತ್ತದೆ. 2004ರ ಸುನಾಮಿಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಸತ್ತವರನ್ನು ನೆರವಿನ ಸಂಸ್ಥೆ ಆಕ್ಸ್‌ಫಾಮ್ ಎಣಿಸಿದಾಗ ಹೆಂಗಸರು 391, ಗಂಡಸರು 146. ಮೀನಿಗಾಗಿ ದಡದಲ್ಲಿ ಕಾದು ನಿಂತಿದ್ದವರು, ಕಂಕುಳಲ್ಲಿ ಮಗು ಇದ್ದವರು, ಈಜು ಕಲಿಯದವರು. ನಮ್ಮೂರ ಹೊಳೆ ಸಮುದ್ರವಲ್ಲ, ನಿಜ. ಆದರೆ ಒಂದು ಮರಿ ಬಿಚ್ಚಲು ಯಾರು ಹಿಂದಕ್ಕೆ ಹೋಗುತ್ತಾರೆ ಅನ್ನುವುದು ಎರಡೂ ಕಡೆ ಒಂದೇ.

ಎರಡನೇ ದಿನ ಸಂಜೆ ಶಾಲೆಯಲ್ಲೇ ತುರ್ತು ಸಭೆ ಸೇರಿ ಅವರು ಒಂದು ಠರಾವು ಬರೆದಿದ್ದರು. ಸಂಘದ ಹಣದಿಂದ ಸದಸ್ಯರಿಗೆ ತಲಾ ಒಂದು ಸಾವಿರ, ಬಡ್ಡಿ ಇಲ್ಲ, ವಾಪಸು ಕೊಡುವುದು ಬೇಡ. ಸಂಘದಲ್ಲಿ ಇಲ್ಲದ ನಾಲ್ಕು ಮನೆಗೂ ಐನೂರು. ಯಾವ ಸರ್ಕಾರ, ಯಾವ ಬಡಾವಣೆ ಅಷ್ಟು ಬೇಗ ತಲುಪಿತು ಹೇಳಿ. ಬ್ಯಾಂಕಿನಲ್ಲಿದ್ದಾಗ ಇದೇ ಪುಸ್ತಕವನ್ನು ನಾನು ಎರಡು ಸಲ ವಾಪಸು ಕಳಿಸಿದ್ದೆ. ತಾರೀಖು ತಿದ್ದಿದೆ, ಎರಡನೇ ಪ್ರತಿನಿಧಿಯ ಸಹಿ ಇಲ್ಲ ಅಂತ. ಈಗ ಅದರಲ್ಲಿ ನೀರಿನ ಕಲೆಯ ಪಕ್ಕದಲ್ಲಿ ಎರಡೂ ಸಹಿ ಇದ್ದವು.

ಈ ಸಂಘ ಅನ್ನುವುದು ಎಲ್ಲಿಂದಲೋ ಬಂದದ್ದಲ್ಲ, ಬಹುಮಟ್ಟಿಗೆ ನಮ್ಮ ಸೀಮೆಯದೇ ಬೆಳೆ. 1968ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ಎಚ್.ಡಿ. ಕೋಟೆಯಂಥ ಕಡೆ ಹಳ್ಳಿಗಳಲ್ಲಿ ಕೆಲಸ ಹಿಡಿಯಿತು. 1980ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳು ಕುಸಿದಾಗ ಅದರ ಜನ ತಮ್ಮ ತಮ್ಮಲ್ಲಿ ನಂಬಿಕೆ ಇದ್ದವರನ್ನು ಸೇರಿಸಿಕೊಂಡು ಚಿಕ್ಕ ಗುಂಪು ಕಟ್ಟಿಕೊಂಡರು. 1987ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ ಅದಕ್ಕೆ 10 ಲಕ್ಷ ಕೊಟ್ಟಿತು, 1992ರಲ್ಲಿ ಗುಂಪುಗಳಿಗೆ ಬ್ಯಾಂಕಿನ ಬಾಗಿಲು ತೆರೆಯಿತು, 2000–01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಶುರು ಮಾಡಿತು. ನಾವು ಬ್ಯಾಂಕಿನವರು ಅವರಿಗೆ ಪಂಚಸೂತ್ರ ಬಾಯಿಪಾಠ ಮಾಡಿಸುತ್ತಿದ್ದೆವು: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಲೆಕ್ಕ. ಅದು ಸಾಲ ವಸೂಲಿಗೆ ಅಂತ ನಾವು ತಿಳಿದಿದ್ದೆವು. ಪ್ರತಿ ವಾರ ಹಾಜರಿ ಕೂಗುವ ಅಭ್ಯಾಸ ಹೊಳೆ ಬಂದ ದಿನ ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

ಶಾಲೆಯಲ್ಲಿ ಶೌಚಾಲಯ ಎರಡೇ, ದೀಪವಿಲ್ಲ. ಕತ್ತಲಾದ ಮೇಲೆ ಹೋಗಬೇಕಾಗಬಾರದು ಅಂತ ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ನಾವು ಒಯ್ದದ್ದು ನೀರಿನ ಬಾಟಲಿಗಳ ನಲವತ್ತು ಪೆಟ್ಟಿಗೆ. ಇದನ್ನು ನಾನು ಮೈಸೂರಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಎಮ್ಮೆ ಬಿಟ್ಟು ಬಾರದವಳಿಗೆ ಬೇಕಾಗಿದ್ದದ್ದು ಅನ್ನದ ಪೊಟ್ಟಣವಲ್ಲ, ನಾಲ್ಕು ಹೊರೆ ಮೇವು. ಅದನ್ನು ಹೇಳಿದ್ದು ಕೂಡ ಸಂಘವೇ. ಪಕ್ಕದೂರಿನ ಮಹಿಳಾ ಡೇರಿಯವರಿಗೆ ಹೇಳಿ ಹುಲ್ಲು ತರಿಸಿದ ಮೇಲೆ ಎಮ್ಮೆಯೂ ಬಂತು, ಅವಳೂ ಬಂದಳು.

ಇಲ್ಲಿಗೆ ಪರಿಹಾರದ ಕಥೆ ಮುಗಿಯುತ್ತದೆ. ಟಿವಿಯವರು ಹೋಗುತ್ತಾರೆ, ಟೆಂಪೋಗಳು ನಿಲ್ಲುತ್ತವೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಆ ವರ್ಷ ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ರಾಜ್ಯ ಸರ್ಕಾರ ಹೇಳಿತ್ತು. ಸಣ್ಣ ಮೊತ್ತವೇನಲ್ಲ. ಆದರೆ ಮನೆ ಯಾರದು? ಸಂಘದ ಒಬ್ಬ ಸದಸ್ಯೆ, ಗಂಡ ತೀರಿಕೊಂಡವಳು. ಮನೆ ಇನ್ನೂ ಮಾವನ ಹೆಸರಿನಲ್ಲಿ, ಮಾವ ಹೋಗಿ ಹನ್ನೆರಡು ವರ್ಷ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಭಾವಂದಿರು ಇಬ್ಬರು ಬೆಂಗಳೂರಿನಲ್ಲಿ. ತಮಾಷೆ ನೋಡಿ, 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅಕ್ಕಿ ತರುವಾಗ ಯಜಮಾನಿ, ಗೋಡೆ ಬಿದ್ದಾಗ ಯಾರೂ ಅಲ್ಲ. ಬೆಳೆ ಪರಿಹಾರವೂ ಅಷ್ಟೇ, ಪಹಣಿಯಲ್ಲಿ ಹೆಸರಿದ್ದವರಿಗೆ. ಗದ್ದೆಯಲ್ಲಿ ನಾಟಿ ಹಾಕಿದವಳಿಗೆ ಹೋದ ಕೂಲಿ ಆ ಲೆಕ್ಕದಲ್ಲಿ ಬರುವುದಿಲ್ಲ. ಕುರಿ ಮೇಕೆ ಸತ್ತರೆ 2022ರಲ್ಲಿ ಪರಿಷ್ಕರಿಸಿದ ದರದಂತೆ ಒಂದಕ್ಕೆ 4,000, ಕರೆಯುವ ಹಸು ಎಮ್ಮೆಗೆ 37,500. ಆದರೆ ಹೊಳೆ ಕೊಚ್ಚಿಕೊಂಡು ಹೋದ ಮೇಕೆ ಸತ್ತಿದೆ ಅಂತ ತೋರಿಸುವುದು ಹೇಗೆ?

ಆ ಸದಸ್ಯೆ ತಾಲ್ಲೂಕು ಕೇಂದ್ರಕ್ಕೆ ಹನ್ನೊಂದು ಸಲ ಹೋದಳು. ಒಂದು ಸಲವೂ ಒಬ್ಬಳೇ ಹೋಗಲಿಲ್ಲ. ಸಂಘದ ಇನ್ನೊಬ್ಬಳು ಜೊತೆಗೆ, ಸರದಿಯ ಮೇಲೆ. ಪಂಚನಾಮೆಯ ನಕಲು, ಮರಣ ಪತ್ರ, ವಂಶವೃಕ್ಷ, ಬಾಂಡ್ ಪೇಪರು, ಆಧಾರಿಗೆ ಜೋಡಿಸದ ಖಾತೆ. ಪ್ರತಿ ಸಲ ಇಬ್ಬರ ಒಂದೊಂದು ದಿನದ ಕೂಲಿ ಹೋಯಿತು. (ಬಸ್ಸು ಈಗ ಪುಕ್ಕಟೆ, 2023ರ ಜೂನಿನಿಂದ. ಆಗ ಅದೂ ಇರಲಿಲ್ಲ.) ಹನ್ನೊಂದನೇ ಸಲ ಕೆಲಸವಾಯಿತು. ಅಲ್ಲಿನ ಗುಮಾಸ್ತ ಕೊನೆಗೆ ಕಡತ ಹುಡುಕಿ ಕೊಟ್ಟದ್ದು ಇವಳ ಮೇಲೆ ಕನಿಕರ ಬಂದಲ್ಲ, ಜೊತೆಗಿದ್ದವಳು ಕುರ್ಚಿ ಬಿಟ್ಟು ಏಳಲಿಲ್ಲ ಅಂತ.

ನಮ್ಮ ಬಡಾವಣೆಯ ಗುಂಪಿನಲ್ಲಿ ಆಗ ಇನ್ನೂ 46,500 ರೂಪಾಯಿ ಉಳಿದಿತ್ತು. ನಾನು ಸಂಘವನ್ನು ಕೇಳಿದೆ, ಈ ಸಲ ನೇರವಾಗಿ: ಏನು ಬೇಕು? ಮುಂದಿನ ವಾರ ಅವರು ಠರಾವು ಮಾಡಿ ಬರೆದು ಕಳಿಸಿದರು. ಕಚೇರಿಗೆ ಓಡಾಡುವ ಇಬ್ಬರಿಗೆ ದಿನಕ್ಕೆ 300ರಂತೆ ಆರು ತಿಂಗಳು. ಜೆರಾಕ್ಸು, ಬಾಂಡು, ಅರ್ಜಿಯ ಖರ್ಚು. ಲೆಕ್ಕ ಬರೆಯುವ ಹುಡುಗಿಗೆ ಒಂದು ವರ್ಷ ತಿಂಗಳಿಗೆ 1,000. ಸೋಲಾರ್ ದೀಪ ಎರಡು.

ಗುಂಪಿನಲ್ಲಿ ದೊಡ್ಡ ಗಲಾಟೆ. ನಾವು ಕೊಟ್ಟದ್ದು ನೆರೆ ಸಂತ್ರಸ್ತರಿಗೆ, ಜೆರಾಕ್ಸ್ ಅಂಗಡಿಗಲ್ಲ ಅಂದರು ಒಬ್ಬರು. ಸಮಾಜಸೇವೆಗೆ ಸಂಬಳವೇ ಅಂದರು ಇನ್ನೊಬ್ಬರು. ಅವರು ಸೊಸೈಟಿಯ ಲೆಕ್ಕ ಬರೆಯಲು ತಿಂಗಳಿಗೆ ಗೌರವಧನ ಪಡೆಯುವವರು. ನೋಂದಣಿ ಆಗಿದೆಯಾ, ತೆರಿಗೆ ವಿನಾಯಿತಿಯ 80ಜಿ ರಸೀದಿ ಕೊಡುತ್ತಾರಾ ಅನ್ನುವ ಪ್ರಶ್ನೆ ಬಂತು. ಹಳ್ಳಿಯ ಹದಿನೇಳು ಜನರ ಸಂಘಕ್ಕೆ ಬ್ಯಾಂಕ್ ಖಾತೆ ಇದೆ, ಇಪ್ಪತ್ತು ವರ್ಷದ ಲೆಕ್ಕವಿದೆ, ಆದರೆ 80ಜಿ ಎಲ್ಲಿಂದ ಬರಬೇಕು. ಕಂಪನಿಗಳು ಸಮಾಜಸೇವೆಗೆ ಕೊಡುವ ಸಿಎಸ್‌ಆರ್ ಹಣವಂತೂ 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನೋಂದಣಿ ಇಲ್ಲದವರಿಗೆ ಹೋಗುವ ಹಾಗೇ ಇಲ್ಲ. ಹಾಗಾಗಿ ಹಣ ಹೋಗುವುದು ದೊಡ್ಡವರಿಗೆ, ದೊಡ್ಡವರು ಬರುವುದು ಬ್ಯಾನರ್ ಜೊತೆ, ಸಂಘದವರು ಬರುವುದು ಫೋಟೋದಲ್ಲಿ ಚೀಲ ಹಿಡಿದು ನಿಲ್ಲಲು. ಈ ರೋಗ ನಮ್ಮ ಬಡಾವಣೆಗಷ್ಟೇ ಅಲ್ಲ. 2016ರಲ್ಲಿ ಜಗತ್ತಿನ ದೊಡ್ಡ ದೊಡ್ಡ ದಾನಿಗಳು ಸೇರಿ, 2020ರ ಹೊತ್ತಿಗೆ ನಾಲ್ಕರಲ್ಲೊಂದು ಪಾಲನ್ನು ಆಯಾ ಊರಿನ, ಆಯಾ ದೇಶದ ಸಂಘಟನೆಗಳಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರು. ಗಡುವು ಬಂತು, ಹೋಯಿತು, ಅದರ ಹತ್ತಿರಕ್ಕೂ ತಲುಪಲಿಲ್ಲ.

ಕೊನೆಗೆ 20,000 ಸಂಘದ ಖಾತೆಗೆ ಹೋಯಿತು. ಉಳಿದದ್ದರಲ್ಲಿ ಹೊದಿಕೆ ಕೊಂಡು ಬಡಾವಣೆಯ ಹೆಸರು ಹಾಕಿಸಿ ಹಂಚಿದರು. ಒಳ್ಳೆಯ ಹೊದಿಕೆಗಳೇ, ಸುಳ್ಳು ಹೇಳಬಾರದು. ಆ 20,000ದಲ್ಲಿ ಎಂಟು ಮನೆಗಳ ಕಡತ ಮುಂದೆ ಹೋಯಿತು.

ಗಲಾಟೆಯ ದಿನ ನಾನು ಮಹಾರಾಷ್ಟ್ರದ ಲಾತೂರಿನ ವಿಷಯ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಲ್ಲಾದರೂ ಹೇಳುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು. ಬಿರುಕು ಬಿಟ್ಟ ಮನೆಗಳನ್ನು ಗಟ್ಟಿ ಮಾಡುವ ಕೆಲಸ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಆಗಬೇಕಿತ್ತು. ಎಂಜಿನಿಯರು ಹೇಳಿದ್ದು ಮನೆಯವರಿಗೆ ತಿಳಿಯದು, ಮನೆಯವರ ಅನುಮಾನ ಎಂಜಿನಿಯರಿಗೆ ಮುಟ್ಟದು. ಪ್ರೇಮಾ ಗೋಪಾಲನ್ ಕಟ್ಟಿದ ಸ್ವಯಂ ಶಿಕ್ಷಣ ಪ್ರಯೋಗ ಅನ್ನುವ ಸಂಸ್ಥೆ ಮಹಿಳಾ ಮಂಡಲಗಳ ಹೆಂಗಸರನ್ನು 'ಸಂವಾದ ಸಹಾಯಕ'ರನ್ನಾಗಿ ಮಾಡಿತು. ಗೋಡೆಗೆ ಪಟ್ಟಿ ಎಲ್ಲಿ ಕಟ್ಟಬೇಕು, ಸರ್ಕಾರದ ಹಣ ಯಾವಾಗ ಬರುತ್ತದೆ, ಗಾರೆಯವನು ಸಿಮೆಂಟು ಕದ್ದನೇ, ಎಲ್ಲ ಅವರ ಪಾಲಿಗೆ ಬಂತು. ಸಂಕೋಚವಿಲ್ಲದೆ ಪ್ರಶ್ನೆ ಕೇಳುವ ಹೆಂಗಸರು ಅಲ್ಲಿ ಅಧಿಕೃತರಾದರು. 2001ರ ಜನವರಿ 26ರಂದು ಭೂಕಂಪಕ್ಕೆ ಗುಜರಾತಿನ ಕಛ್ ಕುಸಿದಾಗ ಇದೇ ಲಾತೂರು ಕಡೆಯ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿಯವರಿಗೆ ಹೇಳಿಕೊಟ್ಟರು. ಪಾಠ ಹೇಳಲು ಪ್ರೊಫೆಸರು ಹೋಗಿದ್ದರೆ ಬೇರೆಯೇ ಆಗುತ್ತಿತ್ತು. ಮನೆ ಬಿದ್ದವಳು ಮನೆ ಬಿದ್ದವಳ ಹತ್ತಿರ ಕೂತಳು.

ಇಷ್ಟು ಹೊಗಳಿದ ಮೇಲೆ ಒಂದು ಕಿರಿಕಿರಿಯನ್ನೂ ಹೇಳಬೇಕು. ಸಂಘಗಳಿಗೆ ಬೆಂಬಲ ಅನ್ನುವ ಮಾತು ಎಷ್ಟೋ ಸಲ ಸಂಘಗಳಿಂದ ಬಿಟ್ಟಿ ಕೆಲಸ ಅನ್ನುವುದರ ಮರ್ಯಾದಸ್ತ ಹೆಸರು. ಕೊರೊನಾ ಕಾಲದಲ್ಲಿ ಮಂಡ್ಯ ಕಡೆಯ ಒಂದು ಸಂಘದವರು ರಾತ್ರಿ ಹಗಲು ಮಾಸ್ಕ್ ಹೊಲಿದು ಕೊಟ್ಟು, ದುಡ್ಡಿಗೆ ತಿಂಗಳುಗಟ್ಟಲೆ ಕಾದರು; ಬಟ್ಟೆಗೆ ಮಾಡಿದ ಸಾಲದ ಬಡ್ಡಿ ಮಾತ್ರ ಕಾಯಲಿಲ್ಲ. ಅಡುಗೆ ಮಾಡಲು ಸಂಘ, ಮನೆಮನೆ ಸಮೀಕ್ಷೆಗೆ ಸಂಘ, ಮಂತ್ರಿ ಬಂದರೆ ಕಳಶ ಹಿಡಿಯಲು ಸಂಘ. ಯಾವ ಮನೆಗೆ ಪರಿಹಾರ ಅನ್ನುವ ಪಟ್ಟಿ ಮಾಡುವಾಗ ಮೇಜಿನ ಸುತ್ತ ಅವರಿಗೆ ಕುರ್ಚಿ ಇಲ್ಲ. ಸರ್ಕಾರದ ಸಂಜೀವಿನಿ ಯೋಜನೆಯಲ್ಲಿ ಸಂಘಗಳು ಸೇರಿ ಮಾಡಿಕೊಂಡ ಒಕ್ಕೂಟಗಳಿಗೆ ವಿಆರ್‌ಎಫ್ ಅಂತ ಕಷ್ಟಕಾಲದ ನಿಧಿಯೊಂದಿದೆ, ಇಂಥ ಹೊತ್ತಿಗೆಂದೇ ಇರುವಂಥದು. ಅದು ಪುಸ್ತಕದಲ್ಲಿ ಸುಮ್ಮನೆ ಕೂರದ ಹಾಗೆ, ಹೊಳೆ ಬಂದ ದಿನವೇ ಯಾರ ಅಪ್ಪಣೆಗೂ ಕಾಯದೆ ತೆಗೆಯುವ ಅಧಿಕಾರ ಅವರಿಗಿದ್ದರೆ ಅರ್ಧ ಟೆಂಪೋಗಳು ಬೇಕಾಗುವುದಿಲ್ಲ.

ಇನ್ನೊಂದು ವಿಷಯ, ಇದು ಬ್ಯಾಂಕಿನವಳ ಸಂಕಟ. ಈಗ ಹಳ್ಳಿಯಲ್ಲಿ 'ಸಂಘ ಕಟ್ಟಬೇಕು' ಅಂದರೆ ಸಂಘಟನೆ ಕಟ್ಟುವುದಲ್ಲ, ಮೈಕ್ರೋ ಫೈನಾನ್ಸಿನ ವಾರದ ಕಂತು ಕಟ್ಟುವುದು. ಹೆಸರೇ ಕಳುವಾಗಿಹೋಗಿದೆ. ಆ ಆಗಸ್ಟಿನಲ್ಲಿ ನೀರು ಇಳಿಯುವ ಮೊದಲೇ ಕಂತಿನ ಹುಡುಗ ಗಂಜಿ ಕೇಂದ್ರದ ಗೇಟಿಗೆ ಬಂದು ಬೈಕ್ ನಿಲ್ಲಿಸಿದ್ದ. ಇಂಥ ಕಿರುಕುಳದ ಮೇಲೆ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರುವರಿಯಲ್ಲಿ. ನೆರೆ ಬಂದ ಮನೆಗೆ ನಾವು ಅಕ್ಕಿ ಕೊಟ್ಟು ಬಂದರೆ, ಅಕ್ಕಿ ಮಾರಿ ಕಂತು ಕಟ್ಟುವ ಗತಿ. ಇದನ್ನು ಬಲ್ಲವರು, ಯಾರಿಗೆ ಎಷ್ಟು ಸಾಲವಿದೆ ಅಂತ ನಿಜವಾಗಿ ತಿಳಿದವರು, ಪಕ್ಕದಲ್ಲಿ ಕೂರುವ ಆ ಹದಿನಾರು ಜನ ಮಾತ್ರ.

2024ರ ಜುಲೈ 30. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗುಡ್ಡದ ಕೆಳಗೆ ಹೋದ ಬೆಳಗ್ಗೆ. ಅಲ್ಲಿಯ ಹೊಳೆ ನಮ್ಮ ಕಡೆ ಬರುವುದಿಲ್ಲ, ಪಡುವಣಕ್ಕೆ ಹರಿದು ಚಾಲಿಯಾರ್ ಸೇರುತ್ತದೆ. ಆದರೆ ಅದೇ ಮಳೆಗೆ ಕಬಿನಿಯೂ ತುಂಬಿತ್ತು. ಸತ್ತವರಲ್ಲಿ ಚಾಮರಾಜನಗರ, ಮಂಡ್ಯದ ಕಡೆಯಿಂದ ಕೂಲಿಗೆ ಹೋಗಿ ನೆಲೆ ನಿಂತವರೂ ಇದ್ದರು. ಪ್ರತಿನಿಧಿಗೆ ಫೋನ್ ಮಾಡಿದೆ, ನೀರು ಎಲ್ಲಿವರೆಗೆ ಬಂದಿದೆ ಕೇಳಲು.

"ನಮ್ಮದು ಬುಡಿ ಮೇಡಂ, ತೋಟದ ಗಂಟ ಬಂದು ನಿಂತದೆ. ಅಲ್ಲಿ ಸಂಘ ಅದಾ?"

ಕುಟುಂಬಶ್ರೀ ಅಂತ ಇದೆ, 1998ರಿಂದ ಇದೆ, 2018ರ ನೆರೆ ಇಳಿದ ಮೇಲೆ ಮನೆಮನೆಯ ಕೆಸರು ಬಾಚಿದವರು ಅವರೇ ಅಂದೆ.

"ಅಂಗಾರೆ ಅವ್ರನ್ನೇ ಕೇಳಿ, ಏನ್ ಬೇಕು ಅಂತ. ರವಿಕೆ ಕಳಿಸ್ಬೇಡಿ."

ನಕ್ಕೆವು. ಸಂಘದಿಂದ 5,000 ತೆಗೆದಿಡಲು ಠರಾವು ಆಯಿತು. ಕಲ್ಪೆಟ್ಟದಲ್ಲಿ ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರು ಇದ್ದರು, ಅವರ ಮೂಲಕ ಅಲ್ಲಿಯ ಗುಂಪಿನ ಒಬ್ಬರನ್ನು ಹಿಡಿದೆ. ಅವರು ನಿಧಾನವಾಗಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದರು: ಈಗ ಏನೂ ಬೇಡ, ಶಿಬಿರದಲ್ಲಿ ಬಟ್ಟೆ ರಾಶಿ ಬಿದ್ದಿದೆ. ಜನ ಬಾಡಿಗೆ ಮನೆಗಳಿಗೆ ಹೋದ ಮೇಲೆ ಕುಕ್ಕರು ಬೇಕಾಗುತ್ತದೆ, ಹೊಲಿಗೆ ಯಂತ್ರ ಬೇಕಾಗುತ್ತದೆ, ಆಗ ಯಾರೂ ಫೋನ್ ಎತ್ತುವುದಿಲ್ಲ. ಅಕ್ಟೋಬರಿನಲ್ಲಿ ಕೇಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಗೌರಿ ಹಬ್ಬ ಬಂತು, ದಸರಾಕ್ಕೆ ಮಗಳ ಮನೆಯವರು ಬಂದರು, ಜಂಬೂಸವಾರಿಗೆ ಪಾಸ್ ಹೊಂದಿಸುವ ಗಡಿಬಿಡಿ. ಆಯುಧಪೂಜೆಯ ಹಿಂದಿನ ದಿನ ಫೋನ್ ಬಂತು.

"ಮೇಡಂ, ಅಕ್ಟೋಬರ್ ಬಂತಲ್ಲ. ಕೇಳಿದ್ರಾ?"

ಕೇಳಿರಲಿಲ್ಲ.